ಹಾವೇರಿ, ಗಂಟೆಗೆ 1,619 ಕಿಲೋಮೀಟರ್
ಓದುಗರ ಪ್ರಶ್ನೆ, ಭೌತಶಾಸ್ತ್ರದ ಮೇಡಂ ಉತ್ತರ

ಹೋದ ತಿಂಗಳು ಇದೇ ಅಂಕಣದಲ್ಲಿ ಒಂದು ಮಾತು ಬರೆದಿದ್ದೆ. ಮಂಚದ ಮೇಲೆ ಗೊರಕೆ ಹೊಡೆಯುತ್ತಿರುವವನೂ ಗಂಟೆಗೆ ಸಾವಿರದ ಆರುನೂರು ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಹೋಗುತ್ತಿರುತ್ತಾನೆ ಅಂತ. ಅದು ಸುಮ್ನೆ ಬರೆದ ಮಾತಾಗಿತ್ತು. ಈಗ ನೋಡಿದರೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದರ ಬಗ್ಗೆಯೇ ಇವೆ. ಹಾಗಾಗಿ ಈ ಸಲ ಕಾಮನಬಿಲ್ಲು, ಫ್ರಿಜ್ ಎಲ್ಲ ಬದಿಗಿಟ್ಟು ಭೂಮಿ ತಿರುಗುವುದನ್ನೇ ಹಿಡಿದುಕೊಳ್ಳೋಣ.

ಪ್ರಶ್ನೆ: ಮೇಡಂ, ನಾನು ಪ್ರಥಮ ಪಿಯುಸಿ ಓದುತ್ತಿದ್ದೇನೆ. ಭೂಮಿ ತಿರುಗುವುದರಿಂದ ನಿಮ್ಮ ಊರಿನಲ್ಲಿ ನಿಂತವರ ವೇಗ ಎಷ್ಟಾಗುತ್ತದೆ ಅಂತ ಕಾಲೇಜಿನಲ್ಲಿ ಲೆಕ್ಕ ಕೊಟ್ಟಿದ್ದರು. ತ್ರಿಜ್ಯ 6,400 ಕಿ.ಮೀ., ದಿನಕ್ಕೆ 24 ಗಂಟೆ ಅಂತ ಇಟ್ಟುಕೊಂಡೆ. ಸೆಕೆಂಡಿಗೆ 465 ಮೀಟರ್ ಬಂತು. ಸರ್ ತಪ್ಪು ಅಂದರು. ಉತ್ತರ 450 ಅಂತೆ. ಮೂರು ಸಲ ಗುಣಿಸಿ ನೋಡಿದರೂ 465 ಬರುತ್ತದೆ. ಎಲ್ಲಿ ತಪ್ಪಿದ್ದೇನೆ?
ವಿದ್ಯಾರ್ಥಿನಿ, ಹಾವೇರಿ

ಉತ್ತರ: ನಿನ್ನ ಗುಣಾಕಾರದಲ್ಲಿ ತಪ್ಪಿಲ್ಲ ಕಣಮ್ಮ. ನೀನು ಬೇರೆ ಊರಿನ ಲೆಕ್ಕ ಮಾಡಿದ್ದೀಯ, ಅಷ್ಟೇ. 465 ಅನ್ನುವುದು ಸಮಭಾಜಕ ವೃತ್ತದ ಮೇಲೆ ನಿಂತವರ ವೇಗ. ಇಂಡೋನೇಷ್ಯಾದ ಪೊಂಟಿಯಾನಾಕ್ ಊರಿನ ಹುಡುಗಿ ಇದೇ ಉತ್ತರ ಬರೆದಿದ್ದರೆ ಪೂರ್ತಿ ಅಂಕ ಸಿಗುತ್ತಿತ್ತು.

ನಮ್ಮ ಕಡೆ ಮೊದಲೆಲ್ಲ ಕಣದಲ್ಲಿ ಹಂತಿ ಹೊಡೆಯುತ್ತಿದ್ದರು. ನಡುವೆ ಮೇಟಿ ಕಂಬ. ಅದಕ್ಕೆ ಹಗ್ಗ ಹಾಕಿ ನಾಲ್ಕೈದು ಎತ್ತುಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಕಟ್ಟುವುದು. ಅವು ತೆನೆ ತುಳಿಯುತ್ತ ಕಂಬದ ಸುತ್ತ ತಿರುಗುತ್ತವೆ. ಮೇಟಿ ಪಕ್ಕಕ್ಕೆ ಮುದಿ ಎತ್ತು, ಹೊರಗಿನ ತುದಿಗೆ ಚುರುಕಾದ ಹೋರಿ. ಎಲ್ಲವೂ ಒಂದೇ ಹೊತ್ತಿಗೆ ಒಂದು ಸುತ್ತು ಮುಗಿಸುತ್ತವೆ. ಆದರೆ ಮುದಿಯೆತ್ತು ನಿಂತಲ್ಲೇ ತಿರುಗಿದ ಹಾಗೆ ಹೆಜ್ಜೆ ಹಾಕುತ್ತದೆ, ಹೋರಿ ಓಡಬೇಕಾಗುತ್ತದೆ. ಎಲ್ಲರಿಗೂ ಸುತ್ತು ಒಂದೇ, ಸಮಯವೂ ಒಂದೇ. ಕಂಬದಿಂದ ಎಷ್ಟು ದೂರ ಅನ್ನುವುದರ ಮೇಲೆ ವೇಗ ನಿಂತಿದೆ.

ಭೂಮಿಗೂ ಒಂದು ಮೇಟಿ ಇದೆ. ಅದು ಉತ್ತರ ಧ್ರುವದಿಂದ ದಕ್ಷಿಣ ಧ್ರುವದವರೆಗೆ ಹಾದು ಹೋಗುವ ಅಕ್ಷ. ನೀನು ಅಳೆಯಬೇಕಾದದ್ದು ಆ ಅಕ್ಷದಿಂದ ಹಾವೇರಿಗೆ ಇರುವ ದೂರ. ನೀನು ತೆಗೆದುಕೊಂಡದ್ದು ಭೂಮಿಯ ನಟ್ಟನಡುವಿನ ಬಿಂದುವಿನಿಂದ ಹಾವೇರಿಗೆ ಇರುವ ದೂರ. ಸಮಭಾಜಕದಲ್ಲಿ ಎರಡೂ ಒಂದೇ. ಉಳಿದ ಕಡೆ ಬೇರೆ ಬೇರೆ. ಇಷ್ಟೇ ವಿಷಯ.

ಸೂತ್ರ ಬಾಯಿಪಾಠ ಮಾಡುವ ಮೊದಲು ಒಂದು ಚಿತ್ರ ಬರಿ. ಕೈವಾರದಲ್ಲಿ 6.4 ಸೆಂಟಿಮೀಟರ್ ತ್ರಿಜ್ಯ ಹಿಡಿದು ನೋಟ್‌ಬುಕ್ಕಿನಲ್ಲಿ ಒಂದು ವೃತ್ತ ಎಳಿ. ಒಂದು ಸೆಂಟಿಮೀಟರ್ ಅಂದರೆ ಸಾವಿರ ಕಿಲೋಮೀಟರ್. ನಡುವಿನ ಚುಕ್ಕಿಯಿಂದ ಮೇಲಕ್ಕೊಂದು ಗೆರೆ, ಅದು ಅಕ್ಷ. ಬಲಕ್ಕೊಂದು ಗೆರೆ, ಅದು ಸಮಭಾಜಕ. ಈಗ ಬಲಗಡೆಯ ಗೆರೆಯ ಮೇಲೆ ಕೋನಮಾಪಕ ಇಟ್ಟು 15 ಡಿಗ್ರಿಗಿಂತ ಒಂಚೂರು ಕೆಳಗೆ ಗುರುತು ಹಾಕು. ಹಾವೇರಿಯ ಅಕ್ಷಾಂಶ 14.8 ಡಿಗ್ರಿ. ವೃತ್ತದ ಅಂಚಿನಲ್ಲಿ ಅಲ್ಲೊಂದು ಚುಕ್ಕಿ ಇಡು. ಆ ಚುಕ್ಕಿಯಿಂದ ಅಕ್ಷಕ್ಕೆ ನೇರ ಅಡ್ಡಗೆರೆ ಎಳೆದು ಸ್ಕೇಲಿನಲ್ಲಿ ಅಳಿ. 6.2 ಸೆಂಟಿಮೀಟರ್‌ಗೆ ಒಂದು ಕೂದಲು ಕಡಿಮೆ ಬರುತ್ತದೆ. ಅಂದರೆ ಹಾವೇರಿಯವರು ಸುತ್ತುವ ವೃತ್ತದ ತ್ರಿಜ್ಯ ಹತ್ತಿರ ಹತ್ತಿರ 6,190 ಕಿ.ಮೀ. ಅದೇ ಚಿತ್ರದಲ್ಲಿ ದೆಹಲಿಗೆ 28.6 ಡಿಗ್ರಿಯಲ್ಲಿ ಗುರುತು ಹಾಕಿದರೆ ಅಡ್ಡಗೆರೆ 5.6 ಬರುತ್ತದೆ. ಲಂಡನ್ನಿಗೆ 51.5 ಡಿಗ್ರಿ, ಅಲ್ಲಿ 4 ಸೆಂಟಿಮೀಟರ್. ಮೇಲೆ ಹೋದಷ್ಟೂ ಗೆರೆ ಗಿಡ್ಡ. ಧ್ರುವದಲ್ಲಿ ಗೆರೆಯೇ ಇಲ್ಲ.

ಆ ಅಡ್ಡಗೆರೆಯ ಉದ್ದವನ್ನು ಅಳೆಯದೆ ಲೆಕ್ಕ ಹಾಕುವ ಉಪಾಯಕ್ಕೆ ಕಾಸ್ ಅಂತ ಹೆಸರು. ಪೂರ್ತಿ ತ್ರಿಜ್ಯವನ್ನು ಅಕ್ಷಾಂಶದ ಕಾಸ್‌ನಿಂದ ಗುಣಿಸಿದರೆ ಆಯಿತು. ಕಾಸ್ 14.8 ಅಂದರೆ 0.967. ನಿನ್ನ 465ನ್ನು ಅದರಿಂದ ಗುಣಿಸು. 450 ಬಂತಾ? ಸೈನ್ ಹಾಕಬೇಕೋ ಕಾಸ್ ಹಾಕಬೇಕೋ ಅಂತ ಪರೀಕ್ಷೆಯಲ್ಲಿ ಗಾಬರಿಯಾದರೆ ಧ್ರುವಕ್ಕೆ ಹೋಗಿ ನೋಡು. ಅಲ್ಲಿ ನಿಂತವನ ವೇಗ ಸೊನ್ನೆಯಾಗಬೇಕು. ಕಾಸ್ 90 ಸೊನ್ನೆ. ಸೈನ್ 90 ಒಂದು. ಕಾಸ್ ಸರಿ.

ಇನ್ನೊಂದು ತಮಾಷೆ ಹೇಳುತ್ತೇನೆ. ನಿನ್ನ 6,400 ಕಿ.ಮೀ. ಸರಿಯಲ್ಲ. ಸಮಭಾಜಕದಲ್ಲಿ ಭೂಮಿಯ ತ್ರಿಜ್ಯ 6,378 ಕಿ.ಮೀ. ನಿನ್ನ 24 ಗಂಟೆಯೂ ಸರಿಯಲ್ಲ. ಭೂಮಿ ತನ್ನ ಸುತ್ತ ಒಂದು ಸುತ್ತು ಮುಗಿಸುವುದಕ್ಕೆ 23 ಗಂಟೆ 56 ನಿಮಿಷ 4 ಸೆಕೆಂಡ್ ಸಾಕು. ಅಷ್ಟರಲ್ಲಿ ಅದು ಸೂರ್ಯನ ಸುತ್ತಲೂ ಸ್ವಲ್ಪ ಮುಂದೆ ಸರಿದಿರುತ್ತದೆ. ಹಾಗಾಗಿ ಸೂರ್ಯ ಮತ್ತೆ ನೆತ್ತಿಗೆ ಬರಬೇಕಾದರೆ ಇನ್ನೊಂದು ನಾಲ್ಕು ನಿಮಿಷ ಹೆಚ್ಚಿಗೆ ತಿರುಗಬೇಕು. ನಾವು ಗಡಿಯಾರ ಕಟ್ಟಿಕೊಂಡಿರುವುದು ಸೂರ್ಯನನ್ನು ನೋಡಿ. ಈಗ ಸರಿಯಾದ ಅಂಕಿ ಹಾಕು. ಸಮಭಾಜಕದ ಸುತ್ತಳತೆ 40,075 ಕಿ.ಮೀ. ಒಂದು ಸುತ್ತಿಗೆ 86,164 ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ 465.1 ಮೀಟರ್. ನಿನ್ನ ಅಂಕಿಗಳಿಂದ ಬರುವುದು 465.4. ದೂರವನ್ನೂ ಸ್ವಲ್ಪ ಜಾಸ್ತಿ ಹಿಡಿದೆ, ಸಮಯವನ್ನೂ ಸ್ವಲ್ಪ ಜಾಸ್ತಿ ಹಿಡಿದೆ. ಎರಡೂ ಒಂದನ್ನೊಂದು ತಿಂದು ಹಾಕಿದವು. ಪಠ್ಯಪುಸ್ತಕದ ದುಂಡು ಅಂಕಿಗಳಿಗೆ ಇಂಥ ಅದೃಷ್ಟ ಯಾವಾಗಲೂ ಇರುವುದಿಲ್ಲ.

ಸರಿಯಾದ ಅಂಕಿ ಹಾಕಿದರೆ ಹಾವೇರಿಗೆ ಸೆಕೆಂಡಿಗೆ 449.7 ಮೀಟರ್. ಗಂಟೆಗೆ 1,619 ಕಿ.ಮೀ. ಬೆಂಗಳೂರು ಇನ್ನೂ ಕೆಳಗಿದೆ, 13 ಡಿಗ್ರಿ. ಅಲ್ಲಿ 1,631. ಬೀದರ್ ಮೇಲಿದೆ, ಸುಮಾರು 18 ಡಿಗ್ರಿ. ಅಲ್ಲಿ 1,593. ಹಾಗಾಗಿ ಬೆಂಗಳೂರಿನವರು ನಮಗಿಂತ ಫಾಸ್ಟು ಅಂತ ಯಾರಾದರೂ ಅಂದರೆ ಈ ಒಂದು ವಿಷಯದಲ್ಲಿ ಒಪ್ಪಿಕೊಳ್ಳಬಹುದು.

ಪ್ರಶ್ನೆ: ಅದೇ ಲೆಕ್ಕವನ್ನು ನಾನು ಮೊಬೈಲಿನಲ್ಲಿ ಮಾಡಿದೆ. ಮೈನಸ್ 286 ಬಂತು. ಹಾವೇರಿ ಹಿಂದಕ್ಕೆ ಹೋಗುತ್ತಿದೆಯಾ ಮೇಡಂ?
ಅದೇ ಕಾಲೇಜಿನ ವಿದ್ಯಾರ್ಥಿ

ಉತ್ತರ: ನಿನ್ನ ಮೊಬೈಲು 14.8ನ್ನು ಡಿಗ್ರಿ ಅಂತ ತಿಳಿದುಕೊಂಡಿಲ್ಲ, ರೇಡಿಯನ್ ಅಂತ ತಿಳಿದುಕೊಂಡಿದೆ. ರೇಡಿಯನ್ ಅಂದರೆ ಕೋನ ಅಳೆಯುವ ಇನ್ನೊಂದು ಮಾನ. ಸೈನ್, ಕಾಸ್ ಇರುವ ಕಡೆ ಡಿಗ್ರಿ ಮತ್ತು ರೇಡಿಯನ್ ಬದಲಾಯಿಸುವ ಒಂದು ಬಟನ್ ಇರುತ್ತದೆ, ಒತ್ತು. ಹಾವೇರಿ ಹಿಂದಕ್ಕೆ ಹೋಗುತ್ತಿದೆಯಾ ಅಂತ ನಿನಗೆ ಅನುಮಾನ ಬಂತಲ್ಲ, ಅದಕ್ಕೆ ಶಹಬ್ಬಾಸ್. ಎಷ್ಟೋ ಜನ ಮೈನಸ್ ಗುರುತನ್ನು ಸದ್ದಿಲ್ಲದೆ ಅಳಿಸಿ 286 ಅಂತ ಬರೆದು ಕೊಟ್ಟು ಬರುತ್ತಾರೆ.

ಪ್ರಶ್ನೆ: ಭೂಮಿ ಇಷ್ಟು ಜೋರಾಗಿ ತಿರುಗುವುದಾದರೆ ನಮಗೇಕೆ ಗೊತ್ತಾಗುವುದಿಲ್ಲ? ಹೆಲಿಕಾಪ್ಟರಿನಲ್ಲಿ ಮೇಲೆ ಹೋಗಿ ಒಂದೇ ಕಡೆ ನಿಂತುಕೊಂಡರೆ ಕೆಳಗೆ ಭೂಮಿ ತಿರುಗಿ ಮಧ್ಯಾಹ್ನದ ಹೊತ್ತಿಗೆ ಆಫ್ರಿಕಾ ಬರಬೇಕಲ್ಲವೇ? ಮೊಮ್ಮಗನಿಗೆ ಉತ್ತರ ಹೇಳಲಾಗದೆ ಕೇಳುತ್ತಿದ್ದೇನೆ.
ನಿವೃತ್ತ ಬ್ಯಾಂಕ್ ನೌಕರರು, ತುಮಕೂರು

ಉತ್ತರ: ಮೊಮ್ಮಗನಿಗೆ ಹೇಳಿ, ಈ ಅನುಮಾನ ಸಣ್ಣವರದ್ದಲ್ಲ ಅಂತ. ಭೂಮಿ ತಿರುಗುವುದಾದರೆ ಎತ್ತರದ ವಸ್ತುಗಳು ಯಾಕೆ ಬೀಳುವುದಿಲ್ಲ ಅಂತ ಏಳನೇ ಶತಮಾನದಲ್ಲಿ ಬ್ರಹ್ಮಗುಪ್ತನೇ ಕೇಳಿದ್ದಾನೆ. ಸೊನ್ನೆಯ ಲೆಕ್ಕಕ್ಕೆ ನಿಯಮ ಬರೆದ ಬ್ರಹ್ಮಗುಪ್ತ.

ನಮ್ಮ ಮೈಗೆ ವೇಗ ಗೊತ್ತಾಗುವುದಿಲ್ಲ. ವೇಗ ಬದಲಾಗುವುದು ಮಾತ್ರ ಗೊತ್ತಾಗುತ್ತದೆ. ಬಸ್ಸು ಬ್ರೇಕ್ ಹಾಕಿದಾಗ ಹಣೆ ಮುಂದಿನ ಸೀಟಿಗೆ ಬಡಿಯುತ್ತದೆ, ತಿರುವಿನಲ್ಲಿ ಪಕ್ಕದವರ ಮೇಲೆ ವಾಲುತ್ತೇವೆ. ಭೂಮಿ ಬ್ರೇಕ್ ಹಾಕುವುದಿಲ್ಲ. ತಿರುಗುವುದೇನೋ ಹೌದು, ಆದರೆ ಒಂದು ನಿಮಿಷಕ್ಕೆ ಕಾಲು ಡಿಗ್ರಿ ಮಾತ್ರ. ಆ ತಿರುವಿನ ಎಳೆತ ಎಷ್ಟು ಅಂತ ಲೆಕ್ಕ ಹಾಕುವುದಕ್ಕೆ ವೇಗವನ್ನು ವೇಗದಿಂದಲೇ ಗುಣಿಸಿ ತ್ರಿಜ್ಯದಿಂದ ಭಾಗಿಸಬೇಕು. ಸಮಭಾಜಕದಲ್ಲಿ 465 × 465 ÷ 63,78,000. ಉತ್ತರ 0.034. ಗುರುತ್ವದ 9.8ರ ಮುಂದೆ ಇದು ಹತ್ತಿರ ಹತ್ತಿರ ಮುನ್ನೂರರಲ್ಲಿ ಒಂದು ಪಾಲು, ಅಷ್ಟೇ. ಮೇಲಿನ ಸಂಖ್ಯೆ ದೊಡ್ಡದೇ, ಆದರೆ ಕೆಳಗೆ ಭಾಗಿಸುವ ಭೂಮಿ ಇನ್ನೂ ದೊಡ್ಡದು.

ಹೆಲಿಕಾಪ್ಟರ್ ವಿಷಯಕ್ಕೆ ಬರೋಣ. ಅದು ತುಮಕೂರಿನ ನೆಲದಿಂದ ಏಳುವ ಮೊದಲೇ ಗಂಟೆಗೆ 1,630 ಕಿ.ಮೀ. ಪೂರ್ವಕ್ಕೆ ಹೋಗುತ್ತಿತ್ತು. ಮೇಲೆದ್ದ ಮಾತ್ರಕ್ಕೆ ಆ ವೇಗ ಎಲ್ಲಿಗೆ ಹೋಗುತ್ತದೆ? ಸುತ್ತಲಿನ ಗಾಳಿಯೂ ಅದೇ ವೇಗದಲ್ಲಿದೆ. ಗಾಳಿ ಭೂಮಿಯ ಜೊತೆ ಬರದೆ ನಿಂತುಬಿಟ್ಟಿದ್ದರೆ ಹೆಲಿಕಾಪ್ಟರ್ ಮಾತು ಬಿಡಿ, ತುಮಕೂರಿನಲ್ಲಿ ಒಂದು ತೆಂಗಿನಮರ ಉಳಿಯುತ್ತಿರಲಿಲ್ಲ.

ಹಾಗಂತ ಏನೂ ಗೊತ್ತಾಗುವುದೇ ಇಲ್ಲ ಅಂತಲ್ಲ, ಮೈಗೆ ಗೊತ್ತಾಗುವುದಿಲ್ಲ. ತಕ್ಕಡಿಗೆ ಗೊತ್ತಾಗುತ್ತದೆ. ಧ್ರುವದಲ್ಲಿ ಸ್ಪ್ರಿಂಗ್ ತಕ್ಕಡಿಯಲ್ಲಿ 50 ಕೆ.ಜಿ. ತೋರಿಸಿದ ಅಕ್ಕಿ ಮೂಟೆಯನ್ನು ಅದೇ ತಕ್ಕಡಿಯಲ್ಲಿ ಸಮಭಾಜಕದಲ್ಲಿ ತೂಗಿದರೆ ಕಾಲು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿಯೇ ಕಡಿಮೆ ಬರುತ್ತದೆ. ಅದರಲ್ಲಿ ಹತ್ತಿರ ಹತ್ತಿರ ಮೂರನೇ ಎರಡು ಪಾಲು ನೇರವಾಗಿ ಈ ತಿರುಗಾಟದ್ದು. ಉಳಿದದ್ದು ಭೂಮಿ ತಿರುಗಿ ತಿರುಗಿ ನಡು ಉಬ್ಬಿಸಿಕೊಂಡಿದ್ದರಿಂದ. ಸಮಭಾಜಕದ ತ್ರಿಜ್ಯ ಧ್ರುವದ ತ್ರಿಜ್ಯಕ್ಕಿಂತ 21 ಕಿ.ಮೀ. ಜಾಸ್ತಿ ಇದೆ. ವ್ಯಾಪಾರಿಗಳು ಸಂತೋಷಪಡಬೇಕಾಗಿಲ್ಲ. ಎರಡು ತಟ್ಟೆಯ ತಕ್ಕಡಿಯಲ್ಲಿ ಬಟ್ಟಿನ ತೂಕವೂ ಅಷ್ಟೇ ಕಡಿಮೆಯಾಗುತ್ತದೆ, ಮೋಸ ನಡೆಯುವುದಿಲ್ಲ.

ಇದು ಮೊದಲು ಗೊತ್ತಾಗಿದ್ದು ಗಡಿಯಾರದಿಂದ. 1672ರಲ್ಲಿ ಜಾನ್ ರಿಶೇ ಎಂಬ ಫ್ರೆಂಚ್ ಖಗೋಳ ತಜ್ಞ ದಕ್ಷಿಣ ಅಮೆರಿಕದ ಕಾಯೆನ್‌ಗೆ ಹೋದ. ಸಮಭಾಜಕದಿಂದ ಬರೀ 5 ಡಿಗ್ರಿ ದೂರ. ಪ್ಯಾರಿಸ್ಸಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಲೋಲಕವನ್ನು ಸುಮಾರು 3 ಮಿಲಿಮೀಟರ್ ಗಿಡ್ಡ ಮಾಡಿಕೊಳ್ಳಬೇಕಾಯಿತು. ಕಾರಣ ಹೇಳಿದ್ದು ಆಮೇಲೆ ನ್ಯೂಟನ್: ತಿರುಗುವ ಭೂಮಿಯ ನಡು ಉಬ್ಬಿದೆ, ಅಲ್ಲಿ ಗುರುತ್ವ ಕಡಿಮೆ.

ಜೋಗಕ್ಕೆ ಹೋದರೆ ಮೊಮ್ಮಗನಿಗೆ ಇದೊಂದನ್ನೂ ಹೇಳಿ. ರಾಜಾ ಜಲಪಾತ 253 ಮೀಟರ್ ಎತ್ತರ. ಮೇಲಿನ ಬಂಡೆ ಅಕ್ಷದಿಂದ ಸ್ವಲ್ಪ ಹೆಚ್ಚು ದೂರ ಇದೆ. ಹಾಗಾಗಿ ಕೆಳಗಿನ ಗುಂಡಿಗಿಂತ ಸೆಕೆಂಡಿಗೆ 1.8 ಸೆಂಟಿಮೀಟರ್ ಜಾಸ್ತಿ ವೇಗದಲ್ಲಿ ಪೂರ್ವಕ್ಕೆ ಹೋಗುತ್ತಿರುತ್ತದೆ. ಅಲ್ಲಿಂದ ಒಂದು ಕಲ್ಲು ಜಾರಿದರೆ ಕೆಳಗೆ ಬರಲು ಏಳು ಸೆಕೆಂಡ್ ಬೇಕು. ಗಾಳಿಯ ಕಾಟ ಇಲ್ಲ ಅಂದುಕೊಂಡರೆ ಅದು ನೇರ ಕೆಳಗೆ ಬೀಳದೆ ಎಂಟೂವರೆ ಸೆಂಟಿಮೀಟರ್ ಪೂರ್ವಕ್ಕೆ ಬೀಳುತ್ತದೆ. ಹಿಂದಕ್ಕಲ್ಲ, ಮುಂದಕ್ಕೆ! ಬ್ರಹ್ಮಗುಪ್ತ ಕೇಳಿದ್ದಿದ್ದರೆ ಏನನ್ನುತ್ತಿದ್ದನೋ. ಇದನ್ನು ಕಣ್ಣಾರೆ ನೋಡುತ್ತೇನೆ ಅಂತ ಬೇಲಿ ಹತ್ತಿರ ಮಾತ್ರ ಹೋಗಬೇಡಿ. ಜೋಗದ ಗಾಳಿಯಲ್ಲಿ ಎಂಟೂವರೆ ಸೆಂಟಿಮೀಟರ್ ಯಾವ ಮೂಲೆಗೆ?

ಪ್ರಶ್ನೆ: ಆರ್ಯಭಟ ಭೂಮಿ ತಿರುಗುತ್ತದೆ ಅಂತ ಹೇಳಿದ್ದ ಅನ್ನುವ ಮೆಸೇಜು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ನಿಜವೇ? ವೇಗವನ್ನೂ ಹೇಳಿದ್ದನೇ?
ಶಿಕ್ಷಕರು, ಬಾಗಲಕೋಟೆ

ಉತ್ತರ: ವಾಟ್ಸಾಪಿನಲ್ಲಿ ಬಂದರೂ ಇದು ನಿಜ. ಕ್ರಿ.ಶ. 499ರಲ್ಲಿ ಲೆಕ್ಕ ಬರೆದ ಆರ್ಯಭಟ, ದೋಣಿಯಲ್ಲಿ ಮುಂದೆ ಹೋಗುವವನಿಗೆ ದಡದ ವಸ್ತುಗಳು ಹಿಂದಕ್ಕೆ ಹೋದಂತೆ ಕಾಣುವ ಹಾಗೆ ನಿಂತಿರುವ ನಕ್ಷತ್ರಗಳು ಪಶ್ಚಿಮಕ್ಕೆ ಹೋದಂತೆ ಕಾಣುತ್ತವೆ ಅಂದಿದ್ದಾನೆ. ಅದಕ್ಕಿಂತ ನನಗೆ ಇಷ್ಟವಾದದ್ದು ಅವನ ಇನ್ನೊಂದು ಮಾತು. ಭೂಮಿ ಒಂದು ಪ್ರಾಣಕ್ಕೆ ಒಂದು ಕಲೆ ತಿರುಗುತ್ತದೆ.

ಅರವತ್ತು ಘಳಿಗೆಗೆ ಒಂದು ದಿನ, ಅರವತ್ತು ವಿಘಳಿಗೆಗೆ ಒಂದು ಘಳಿಗೆ. ಒಂದು ವಿಘಳಿಗೆಗೆ ಆರು ಪ್ರಾಣ, ಅಂದರೆ ಆರು ಉಸಿರು. ಗುಣಿಸಿದರೆ ದಿನಕ್ಕೆ 21,600. ಇನ್ನು ವೃತ್ತಕ್ಕೆ 360 ಡಿಗ್ರಿ, ಡಿಗ್ರಿಗೆ 60 ಕಲೆ. ಅದೂ 21,600. ಎರಡೂ ಸರಿಯಾಗಿ ಕೂತವು. ನಾಲ್ಕು ಸೆಕೆಂಡಿನ ಒಂದು ಉಸಿರಿಗೆ ಭೂಮಿ ಒಂದು ಕಲೆ ತಿರುಗುತ್ತದೆ. ಈಗಿನ ಅಂಕಿ ಹಾಕಿ ನೋಡಿ: 465 ಮೀಟರ್ × 4 ಸೆಕೆಂಡ್ = 1,860 ಮೀಟರ್. ಹಡಗಿನವರು ಇವತ್ತಿಗೂ ಬಳಸುವ ನಾವಿಕ ಮೈಲಿ 1,852 ಮೀಟರ್. ಅವರ ಮೈಲಿ ಹುಟ್ಟಿದ್ದೂ ಭೂಮಿಯ ಮೇಲಿನ ಒಂದು ಕಲೆಯ ಉದ್ದದಿಂದಲೇ. ಹಾಗಾಗಿ ಸಮಭಾಜಕದಲ್ಲಿ ನಿಂತವನು ಒಂದು ಉಸಿರಿಗೆ ಒಂದು ನಾವಿಕ ಮೈಲಿ ಹೋಗುತ್ತಾನೆ. ಮಕ್ಕಳಿಗೆ ಪಾಠ ಮಾಡುವಾಗ 465ಕ್ಕಿಂತ ಇದು ಬೇಗ ತಲೆಗೆ ಹತ್ತುತ್ತದೆ, ಮಾಡಿ ನೋಡಿ.

ಒಂದು ಯುಗದಲ್ಲಿ ಭೂಮಿ ಎಷ್ಟು ಸುತ್ತು ತಿರುಗುತ್ತದೆ ಅಂತಲೂ ಕೊಟ್ಟಿದ್ದಾನೆ: 158,22,37,500. ಅದೇ ಯುಗಕ್ಕೆ ಅವನ ಲೆಕ್ಕದ ದಿನಗಳು 157,79,17,500. ಭಾಗಿಸಿ 24 ಗಂಟೆಯಿಂದ ಗುಣಿಸಿ. 23 ಗಂಟೆ 56 ನಿಮಿಷ 4.1 ಸೆಕೆಂಡ್ ಬರುತ್ತದೆ. ಮೇಲೆ ಹಾವೇರಿ ಹುಡುಗಿಗೆ ಹೇಳಿದ ಅದೇ ಅಂಕಿ. ಆದರೆ ಗಂಟೆಗೆ ಇಷ್ಟು ಕಿಲೋಮೀಟರ್ ಅಂತ ಅವನು ಹೇಳಿದ್ದ ಎಂದು ಮೆಸೇಜಿನಲ್ಲಿ ಇದ್ದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ಅವನ ಅಳತೆ ಯೋಜನ. ಭೂಮಿಯ ವ್ಯಾಸ 1,050 ಯೋಜನ ಅಂದಿದ್ದ. ಯೋಜನ ಅಂದರೆ ಎಷ್ಟು ಕಿಲೋಮೀಟರ್ ಅನ್ನುವುದು ಪಂಡಿತರ ಜಗಳ, ನಾನು ನಡುವೆ ಹೋಗುವುದಿಲ್ಲ.

ಪ್ರಶ್ನೆ: ರಾಕೆಟ್‌ಗಳನ್ನು ಯಾಕೆ ಸಮುದ್ರದ ಕಡೆಗೆ, ಅದರಲ್ಲೂ ಪೂರ್ವಕ್ಕೇ ಹಾರಿಸುತ್ತಾರೆ? ಇನ್ನೊಂದು ವಿಷಯ. ನಮ್ಮೂರಿನ ಇಸ್ರೋ ಕೇಂದ್ರದವರು ನೋಡಿಕೊಳ್ಳುವ ಉಪಗ್ರಹಗಳು ಆಕಾಶದಲ್ಲಿ ಒಂದೇ ಕಡೆ ನಿಂತಿರುತ್ತವಂತೆ. ಅವುಗಳ ವೇಗ ಸೊನ್ನೆ ತಾನೇ?
ಓದುಗರು, ಹಾಸನ

ಉತ್ತರ: ಸಮುದ್ರದ ಕಡೆಗೆ ಹಾರಿಸುವುದು ಚೂರು ಬಿದ್ದರೆ ಯಾರ ತಲೆಯ ಮೇಲೂ ಬೀಳಬಾರದು ಅಂತ. ಪೂರ್ವಕ್ಕೆ ಹಾರಿಸುವುದು ಪುಕ್ಕಟೆ ಸಿಗುವ ವೇಗಕ್ಕೆ. ಶ್ರೀಹರಿಕೋಟಾ 13.7 ಡಿಗ್ರಿಯಲ್ಲಿದೆ. ಅಲ್ಲಿ ನೆಲವೇ ಸೆಕೆಂಡಿಗೆ 452 ಮೀಟರ್ ಪೂರ್ವಕ್ಕೆ ಹೋಗುತ್ತಿದೆ. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಉಳಿಯಲು ಸೆಕೆಂಡಿಗೆ ಸುಮಾರು 7,800 ಮೀಟರ್ ವೇಗ ಬೇಕು. ಅದರಲ್ಲಿ ನೂರಕ್ಕೆ ಆರರಷ್ಟು ವೇಗ, ಇಂಧನ ಹಚ್ಚುವ ಮೊದಲೇ ಕೈಯಲ್ಲಿದೆ. ರಷ್ಯದವರು ಬಳಸುವ ಬೈಕನೂರು 46 ಡಿಗ್ರಿಯಲ್ಲಿದೆ, ಅವರಿಗೆ ಸಿಗುವುದು 323 ಮಾತ್ರ. ಫ್ರೆಂಚರ ಕುರು ಕೇಂದ್ರಕ್ಕೆ 463. ರಿಶೇಯ ಗಡಿಯಾರ ಹಿಂದೆ ಬಿದ್ದ ಕಾಯೆನ್ ಇದೆಯಲ್ಲ, ಅದೇ ಕರಾವಳಿ. ನಮ್ಮ 5,854 ಕೆ.ಜಿ. ತೂಕದ ಜಿಸ್ಯಾಟ್-11 ಉಪಗ್ರಹ 2018ರ ಡಿಸೆಂಬರಿನಲ್ಲಿ ಹೋದದ್ದು ಅಲ್ಲಿಂದಲೇ.

ಇಸ್ರೇಲಿನದ್ದು ಉಲ್ಟಾ ಕಥೆ. ಪೂರ್ವಕ್ಕೆ ಹಾರಿಸಿದರೆ ಅಕ್ಕಪಕ್ಕದ ದೇಶಗಳ ತಲೆಯ ಮೇಲೆ ಹೋಗುತ್ತದೆ. ಹಾಗಾಗಿ ಅವರು ಪಶ್ಚಿಮಕ್ಕೆ, ಮೆಡಿಟರೇನಿಯನ್ ಸಮುದ್ರದ ಮೇಲೆ ಹಾರಿಸುತ್ತಾರೆ. ಭೂಮಿ ಕೊಡುವ ವೇಗ ಸಿಗುವುದಿಲ್ಲ, ಮೇಲಿಂದ ಅದನ್ನು ತೀರಿಸುವುದಕ್ಕೂ ಇಂಧನ ಸುಡಬೇಕು. ಧ್ರುವಗಳ ಮೇಲೆ ಹಾದು ಹೋಗುವ ಉಪಗ್ರಹಗಳಿಗೂ ಈ ಲಾಭ ಇಲ್ಲ. ಅವು ಹೋಗುವುದು ಉತ್ತರ-ದಕ್ಷಿಣಕ್ಕೆ.

ಇನ್ನು ನಿಮ್ಮೂರಿನ ಉಪಗ್ರಹಗಳು. ನಿಂತಂತೆ ಕಾಣುತ್ತವೆ, ನಿಂತಿಲ್ಲ. ಭೂಮಿಯ ನಡುವಿನಿಂದ 42,164 ಕಿ.ಮೀ. ದೂರದಲ್ಲಿ, ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಅವೂ ಒಂದು ಸುತ್ತು ಮುಗಿಸುತ್ತವೆ. ಕಣದ ಲೆಕ್ಕದಲ್ಲಿ ಅದು ಎಲ್ಲರಿಗಿಂತ ಹೊರಗಿನ ಹೋರಿ. ಸುತ್ತಳತೆ 2,64,900 ಕಿ.ಮೀ.ಗೆ ಹತ್ತಿರ. ಅದನ್ನು 86,164 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ 3,075 ಮೀಟರ್. ಹಾಸನದ ನೆಲಕ್ಕಿಂತ ಆರೂವರೆ ಪಟ್ಟಿಗಿಂತ ಜಾಸ್ತಿ. ಹಾಸನದ ಡಿಶ್ ಆಂಟೆನಾ ಮತ್ತು ಉಪಗ್ರಹ ಒಂದೇ ಹಗ್ಗಕ್ಕೆ ಕಟ್ಟಿದಂತೆ ತಿರುಗುವುದರಿಂದ ನಿಮಗೆ ನಿಂತ ಹಾಗೆ ಕಾಣುತ್ತದೆ.

ಪ್ರಶ್ನೆ: ನಾನು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಕೆಲಸ ಮಾಡುತ್ತೇನೆ, ಮೂಲತಃ ಬೆಂಗಳೂರು. ನಿಮ್ಮ ಲೆಕ್ಕದ ಪ್ರಕಾರ ಇಲ್ಲಿಗೆ ಬಂದು ನನ್ನ ವೇಗ ಕಡಿಮೆಯಾಗಿರಬೇಕು. ಆ ಉಳಿದ ವೇಗ ಎಲ್ಲಿ ಹೋಯಿತು?
ಓದುಗರು, ಅಬರ್ಡೀನ್

ಉತ್ತರ: ಚೆನ್ನಾಗಿ ಕೇಳಿದಿರಿ. ಅಬರ್ಡೀನ್ 57 ಡಿಗ್ರಿಯಲ್ಲಿದೆ. ಅಲ್ಲಿ ನಿಮ್ಮ ವೇಗ ಸೆಕೆಂಡಿಗೆ 252 ಮೀಟರ್, ಬೆಂಗಳೂರಿನಲ್ಲಿ 453 ಇತ್ತು. ಹತ್ತಿರ ಹತ್ತಿರ ಅರ್ಧ! ಆ 200 ಮೀಟರನ್ನು ವಿಮಾನ ದಾರಿಯುದ್ದಕ್ಕೂ ಸ್ವಲ್ಪಸ್ವಲ್ಪವೇ ಕಳೆಯಿತು. ರೆಕ್ಕೆಗೆ ತಾಗುವ ಗಾಳಿ, ಗಾಳಿಗೆ ತಾಗುವ ನೆಲ, ಹೀಗೆ ಕೊನೆಗೆ ಅದು ಭೂಮಿಗೇ ವಾಪಸ್ ಹೋಯಿತು. ನಿಮಗೆ ಗೊತ್ತಾಗಲಿಲ್ಲ, ಯಾಕೆಂದರೆ ಅದಕ್ಕೆ ಹನ್ನೆರಡು ಗಂಟೆಗೂ ಜಾಸ್ತಿ ಹಿಡಿಯಿತು.

ಗಾಳಿಗೆ ಹೀಗೆ ಕಳೆದುಕೊಳ್ಳುವ ಅನುಕೂಲ ಅಷ್ಟಾಗಿ ಇಲ್ಲ. ನಮ್ಮ ಮುಂಗಾರು ಅದಕ್ಕೇ ನೈಋತ್ಯದಿಂದ ಬರುವುದು. ಬೇಸಿಗೆಯಲ್ಲಿ ಕಾದ ಉಪಖಂಡ ದಕ್ಷಿಣದ ಸಾಗರದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಗಾಳಿ ಸಮಭಾಜಕ ದಾಟುವಾಗ ಕೆಳಗಿನ ನೆಲ ಸೆಕೆಂಡಿಗೆ 465 ಮೀಟರ್ ಹೋಗುತ್ತಿರುತ್ತದೆ. ಉಡುಪಿಯ ನೇರಕ್ಕೆ ಬರುವಷ್ಟರಲ್ಲಿ ನೆಲದ ವೇಗ 453ಕ್ಕೆ ಇಳಿದಿರುತ್ತದೆ. ಗಾಳಿ ತನ್ನ ಹಳೆಯ ವೇಗವನ್ನು ಸುಲಭಕ್ಕೆ ಬಿಡುವುದಿಲ್ಲ. ನೆಲಕ್ಕಿಂತ ಮುಂದೆ, ಪೂರ್ವಕ್ಕೆ ವಾಲುತ್ತದೆ. ಉತ್ತರಕ್ಕೆ ಹೊರಟದ್ದು ಈಶಾನ್ಯಕ್ಕೆ ತಿರುಗಿ ಪಶ್ಚಿಮ ಘಟ್ಟಕ್ಕೆ ಎದೆಯೊಡ್ಡಿ ಬಡಿಯುತ್ತದೆ. ಮುಂಗಾರಿಗೆ ಕಾರಣಗಳು ಇನ್ನೂ ಇವೆ. ಆದರೆ ಈ ತಿರುವು ಇಲ್ಲದಿದ್ದರೆ ಆಗುಂಬೆಯವರು ಛತ್ರಿ ಮಾರಿಬಿಡಬಹುದಿತ್ತು.

ನೀವು ಅಲ್ಲಿಂದ ಅಮೆರಿಕದ ಕಡೆ ವಿಮಾನದಲ್ಲಿ ಹೋಗುವುದಾದರೆ ಕಿಟಕಿ ಪಕ್ಕ ಕೂರಿ. ನಿಮ್ಮ ಅಕ್ಷಾಂಶದಲ್ಲಿ ಸೂರ್ಯನ ಲೆಕ್ಕದ ವೇಗ ಗಂಟೆಗೆ 906 ಕಿ.ಮೀ. ಮಾಮೂಲಿ ಪ್ರಯಾಣಿಕರ ವಿಮಾನದ ವೇಗವೂ 900ರ ಆಸುಪಾಸು. ಪಶ್ಚಿಮಕ್ಕೆ ನೇರ ಹೋದರೆ ಸಂಜೆ ಮುಗಿಯುವುದೇ ಇಲ್ಲ, ಸೂರ್ಯ ದಿಗಂತದ ಮೇಲೆ ಅಂಟಿಕೊಂಡ ಹಾಗೆ ಕೂತಿರುತ್ತಾನೆ. 2003ರವರೆಗೆ ಹಾರಾಡಿದ ಕಾನ್ಕಾರ್ಡ್ ಇದನ್ನೂ ಮೀರಿಸಿತ್ತು. ಗಂಟೆಗೆ 2,100 ಕಿ.ಮೀ. ದಾಟುತ್ತಿದ್ದ ಅದು ಬೆಳಗ್ಗೆ ಲಂಡನ್ ಬಿಟ್ಟು, ಹೊರಟ ಗಡಿಯಾರದ ಹೊತ್ತಿಗಿಂತ ಮೊದಲೇ ನ್ಯೂಯಾರ್ಕ್ ಮುಟ್ಟುತ್ತಿತ್ತು.

ಪ್ರಶ್ನೆ: ಚಂದ್ರಯಾನ-3ರ ಪ್ರಜ್ಞಾನ್ ಗಾಡಿ ರಾತ್ರಿಯಾದ ಮೇಲೆ ಕೆಲಸ ನಿಲ್ಲಿಸಿತಲ್ಲ. ಸೂರ್ಯ ಮುಳುಗದ ಹಾಗೆ ಅದು ಪಶ್ಚಿಮಕ್ಕೆ ಓಡುತ್ತಲೇ ಇರಬಹುದಿತ್ತಲ್ವಾ?
8ನೇ ತರಗತಿ ವಿದ್ಯಾರ್ಥಿ, ಸಿಂಧನೂರು

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಪ್ರಶ್ನೆ ನಿನ್ನದೇ ಮರಿ. ಲೆಕ್ಕ ಹಾಕಿಯೇ ನೋಡೋಣ.

ಚಂದ್ರನ ಸುತ್ತಳತೆ 10,916 ಕಿ.ಮೀ. ಅಲ್ಲಿ ಒಂದು ಬೆಳಗಿನಿಂದ ಇನ್ನೊಂದು ಬೆಳಗಿಗೆ ನಮ್ಮ 29 ದಿನವರೆ ಬೇಕು. ಅಂದರೆ ಸುಮಾರು 709 ಗಂಟೆ. ಭಾಗಿಸಿದರೆ ಚಂದ್ರನ ಸಮಭಾಜಕದಲ್ಲಿ ಗಂಟೆಗೆ 15.4 ಕಿ.ಮೀ. ಸೈಕಲ್ ತುಳಿದರೆ ಸೂರ್ಯನನ್ನು ಹಿಡಿದು ನಿಲ್ಲಿಸಬಹುದು. ಆದರೆ 2023ರ ಆಗಸ್ಟ್ 23ರಂದು ಪ್ರಜ್ಞಾನ್‌ನನ್ನು ಹೊತ್ತ ವಿಕ್ರಮ್ ನೌಕೆ ಇಳಿದದ್ದು ಚಂದ್ರನ ದಕ್ಷಿಣ ಧ್ರುವದ ಕಡೆ, 69 ಡಿಗ್ರಿ ದಾಟಿ. ಅಲ್ಲಿ ಸುತ್ತುವ ವೃತ್ತ ಚಿಕ್ಕದು. ಹಾವೇರಿ ಅಕ್ಕನಿಗೆ ಹೇಳಿದ ಚಿತ್ರವನ್ನೇ ಬರಿ, 69.4 ಡಿಗ್ರಿಗೆ ಗುರುತು ಹಾಕು. ಅಡ್ಡಗೆರೆ ಪೂರ್ತಿ ತ್ರಿಜ್ಯದ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಬರುತ್ತದೆ, 0.352. ಗುಣಿಸಿದರೆ ಗಂಟೆಗೆ 5.4 ಕಿ.ಮೀ. ನಿಮ್ಮಪ್ಪ ಬಸ್ಸು ಹಿಡಿಯಲು ಬಿರಬಿರನೆ ನಡೆಯುವ ವೇಗ.

ಈಗ ಪ್ರಜ್ಞಾನ್. ಅದರ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರ್. ಗಂಟೆಗೆ 36 ಮೀಟರ್. ಬೇಕಾದದ್ದು 5,400 ಮೀಟರ್. ನೂರೈವತ್ತು ಪಟ್ಟು ಕಡಿಮೆ! ಅದರ ಮೇಲೆ ದಾರಿಯಲ್ಲಿ ಗುಂಡಿ, ಬಂಡೆ. ಸುದ್ದಿ ಕಳಿಸಲು ಅದಕ್ಕೆ ವಿಕ್ರಮ್ ಹತ್ತಿರದಲ್ಲೇ ಇರಬೇಕು, ವಿಕ್ರಮ್‌ಗೆ ಚಕ್ರ ಇಲ್ಲ. ಹಾಗಾಗಿ ಸೆಪ್ಟೆಂಬರ್ ಮೊದಲ ವಾರದಲ್ಲಿ ಎರಡನ್ನೂ ಮಲಗಿಸಿದರು. ಮತ್ತೆ ಬಿಸಿಲು ಬಂದಾಗ ಅವು ಏಳಲಿಲ್ಲ.

ನಿನ್ನ ಉಪಾಯ ಮಾತ್ರ ಕೆಟ್ಟದ್ದಲ್ಲ. ಧ್ರುವಕ್ಕೆ ಇನ್ನೂ ಹತ್ತಿರ ಹೋದರೆ ವೃತ್ತ ಇನ್ನೂ ಚಿಕ್ಕದಾಗುತ್ತದೆ. ಪ್ರಜ್ಞಾನ್‌ನ ಗಂಟೆಗೆ 36 ಮೀಟರ್ ಸಾಕಾಗಬೇಕಾದರೆ ಅದು ಧ್ರುವದಿಂದ ಎಷ್ಟು ದೂರದಲ್ಲಿ ಇರಬೇಕು? ಸುತ್ತಳತೆ 36 × 709 ಮೀಟರ್. ಅದನ್ನು ಎರಡು ಪೈನಿಂದ ಭಾಗಿಸು, ದೂರ ಬರುತ್ತದೆ. ಚಂದ್ರನ ಧ್ರುವದಲ್ಲಿ ಗುಂಡಿಗಳೇ ಜಾಸ್ತಿ, ಅದನ್ನು ಸದ್ಯಕ್ಕೆ ಮರೆತುಬಿಡು. ಉತ್ತರವನ್ನು ಕಾರ್ಡಿನಲ್ಲಿ ಬರೆದು ಕಳಿಸು, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

ಉಳಿದವರಿಗೂ ಒಂದು ಮಾತು. ನಮ್ಮೂರಿನ ವೇಗ ಎಷ್ಟು ಅಂತ ಬರೀ ಪಿನ್ ಕೋಡ್ ಬರೆದು ಕಳಿಸಿದವರು ಇದ್ದೀರಿ. ಅದರಿಂದ ಲೆಕ್ಕ ಬರುವುದಿಲ್ಲ. ಮೊಬೈಲಿನ ಮ್ಯಾಪಿನಲ್ಲಿ ನಿಮ್ಮ ಮನೆಯ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಸಂಖ್ಯೆ ಬರುತ್ತವೆ, ಮೊದಲನೆಯದು ಅಕ್ಷಾಂಶ. ಅದರ ಕಾಸ್ ತೆಗೆದು 1,674ರಿಂದ ಗುಣಿಸಿಕೊಳ್ಳಿ. ಮೊಬೈಲು ಡಿಗ್ರಿಯಲ್ಲಿದೆಯಾ ಅಂತ ಮೊದಲು ನೋಡಿ.